ವಿಭಾಗ ಮುಖ್ಯಸ್ಥರಿಗೆ ಭಾವನಾತ್ಮಕ ಬುದ್ಧಿಮತ್ತೆ: ಎರಡು ದಿನಗಳ ಕಾರ್ಯಾಗಾರ ಹೇಗಿತ್ತು?

ವೈದ್ಯಕೀಯ ಕಾಲೇಜುಗಳ ವಿಭಾಗ ಮುಖ್ಯಸ್ಥರು ಮತ್ತು ಸ್ನಾತಕೋತ್ತರ ಮಾರ್ಗದರ್ಶಕರಿಗೆಂದೇ ಬೆಂಗಳೂರಿನ ಒಂದು ಖಾಸಗಿ ತರಬೇತಿ ಸಂಸ್ಥೆ ಏರ್ಪಡಿಸಿದ್ದ ಭಾವನಾತ್ಮಕ ಬುದ್ಧಿಮತ್ತೆಯ ಕಾರ್ಯಾಗಾರಕ್ಕೆ ನಮ್ಮ ಕಾಲೇಜಿನಿಂದ ನನ್ನನ್ನು ಕಳುಹಿಸಿದ್ದರು. ಎರಡು ದಿನಗಳಿಗೆ ಶುಲ್ಕ 6,500 ರೂಪಾಯಿ, ಊಟ ಸೇರಿ. ಇಪ್ಪತ್ತು ವರ್ಷಗಳಿಂದ ಮೆಡಿಸಿನ್ ವಿಭಾಗದಲ್ಲಿ ಪಾಠ ಹೇಳುತ್ತಿರುವ ನಾನು ಈ ವಿಷಯದ ಬಗ್ಗೆ ಅಂಥ ಒಲವೇನೂ ಇಲ್ಲದೆ ಹೋಗಿದ್ದೆ ಎಂಬುದನ್ನು ಮೊದಲೇ ಹೇಳಿಬಿಡುವುದು ನ್ಯಾಯ.

ಮೊದಲ ದಿನದ ಬೆಳಗಿನ ಅವಧಿ ಆ ಅನಾಸಕ್ತಿಯನ್ನು ಹೆಚ್ಚಿಸಿತು. 1990ರಲ್ಲಿ ಪೀಟರ್ ಸಲೋವೆ ಮತ್ತು ಜಾನ್ ಮೇಯರ್ ಎಂಬ ಮನಶ್ಶಾಸ್ತ್ರಜ್ಞರು ಈ ಪರಿಕಲ್ಪನೆಯನ್ನು ಮಂಡಿಸಿದಾಗ, ತನ್ನ ಹಾಗೂ ಇತರರ ಭಾವನೆಗಳನ್ನು ಗಮನಿಸಿ, ಒಂದನ್ನೊಂದರಿಂದ ಬೇರ್ಪಡಿಸಿ ಗುರುತಿಸಿ, ಆ ತಿಳಿವಳಿಕೆಯನ್ನು ಯೋಚನೆಗೂ ನಡೆಗೂ ಬಳಸಿಕೊಳ್ಳುವ ಸಾಮರ್ಥ್ಯವೆಂದು ಅದನ್ನು ವಿವರಿಸಿದ್ದರು. ಸಾಮರ್ಥ್ಯವನ್ನು ಅಳೆಯಬೇಕಾದರೆ ಕೆಲಸ ಮಾಡಿಸಿ ನೋಡಬೇಕು. ಇಲ್ಲಿ ಕೊಟ್ಟದ್ದು ನಲವತ್ತು ಹೇಳಿಕೆಗಳ ಒಂದು ಹಾಳೆ. ‘ನಾನು ಇತರರ ಮಾತನ್ನು ತಾಳ್ಮೆಯಿಂದ ಕೇಳುತ್ತೇನೆ’ ಎಂಬಂಥವಕ್ಕೆ ನಮಗೆ ನಾವೇ ಐದರೊಳಗೆ ಅಂಕ ಕೊಟ್ಟುಕೊಳ್ಳಬೇಕು. ರೋಗಿಯ ಕೈಗೇ ಸ್ಟೆತಾಸ್ಕೋಪ್ ಕೊಟ್ಟು, ನಿಮ್ಮ ಎದೆಯಲ್ಲಿ ಮರ್ಮರ್ (ಹೃದಯದ ಅಸಹಜ ಸದ್ದು) ಇದೆಯೇ ಎಂದು ವಿಚಾರಿಸಿದಂತಾಯಿತು. ನಮ್ಮಲ್ಲಿ ಅತಿ ಹೆಚ್ಚು ಅಂಕ ಪಡೆದವರು, ತಮ್ಮ ಪಿಜಿಗಳು, ಅಂದರೆ ಸ್ನಾತಕೋತ್ತರ ವಿದ್ಯಾರ್ಥಿಗಳು, ರಜೆ ಕೇಳಲೂ ಹೆದರುತ್ತಾರೆಂದು ಊಟದ ಹೊತ್ತಿನಲ್ಲಿ ಹೆಮ್ಮೆಯಿಂದ ಹೇಳಿಕೊಂಡರು.

ಮಧ್ಯಾಹ್ನದ ಪಾತ್ರಾಭಿನಯ ಮಾತ್ರ ಬೇರೆಯೇ ತೂಕದ್ದಾಗಿತ್ತು. ನನಗೆ ಸಿಕ್ಕದ್ದು ಬೆಳಗಿನ ರೌಂಡ್ಸಿಗೆ ಬಂದ ಯೂನಿಟ್ ಮುಖ್ಯಸ್ಥನ ಪಾತ್ರ. ರಾತ್ರಿ ಡ್ಯೂಟಿ ಮುಗಿಸಿದ ಪಿಜಿಯಾಗಿ ಎದುರು ನಿಂತವರು ನನಗಿಂತ ಹಿರಿಯರಾದ ಸರ್ಜರಿ ಪ್ರಾಧ್ಯಾಪಕರು. ಕೇಸ್ ಶೀಟಿನಲ್ಲಿ ಪೊಟ್ಯಾಸಿಯಂ ವರದಿ ಇರಲಿಲ್ಲ. “ಕಿಡ್ನಿ ಪೇಷೆಂಟಿಗೆ ಪೊಟ್ಯಾಸಿಯಂ ನೋಡ್ಬೇಕು ಅನ್ನೋದೂ ನಿಂಗೆ ಹೇಳಿಕೊಡ್ಬೇಕೇನಪ್ಪಾ?” ಎಂಬ ಮಾತು, ವಾರ್ಡಿನಲ್ಲಿ ಬರುವಷ್ಟೇ ಸಲೀಸಾಗಿ ನನ್ನ ಬಾಯಿಂದ ಬಂತು. ಅವರು “ಸಾರಿ ಸರ್” ಎಂದು ತಲೆ ತಗ್ಗಿಸಿದರು. ಸಂಭಾಷಣೆ ಅಲ್ಲಿಗೇ ನಿಂತಿತು. ತರಬೇತಿ ನೀಡುತ್ತಿದ್ದ ಮನಶ್ಶಾಸ್ತ್ರಜ್ಞೆ ನನ್ನ ಕಡೆ ತಿರುಗಿ, “ಬೈಯೋ ಮೊದಲು ಕನ್ನಡಕ ತೆಗೆದ್ರಿ ಸರ್, ಗೊತ್ತಾಯ್ತಾ?” ಎಂದು ಕೇಳಿದರು. ನನಗೆ ಗೊತ್ತಾಗಿರಲಿಲ್ಲ.

ಅದೇ ದೃಶ್ಯವನ್ನು ಎರಡನೆಯ ಸಲ ಆಡಿದಾಗ ಕನ್ನಡಕದ ಕಡೆಗೆ ಕೈ ಹೋದದ್ದು ತಿಳಿಯಿತು, ತಡೆದೆ, “ರಾತ್ರಿ ಎಷ್ಟು ಅಡ್ಮಿಷನ್ ಆಯ್ತು?” ಎಂದು ಕೇಳಿದೆ. ಅವರ ಪಾತ್ರದ ಚೀಟಿಯಲ್ಲಿದ್ದ ಸಂಗತಿ ಆಗ ಹೊರಬಂತು: ಹನ್ನೊಂದು ಅಡ್ಮಿಷನ್; ಪೊಟ್ಯಾಸಿಯಂ 6.8 ಎಂದು, ಅಂದರೆ ಅಪಾಯದ ಮಟ್ಟದಲ್ಲಿ, ಬಂದಿತ್ತು, ಆದರೆ ಮಾದರಿ ಹಿಮೊಲೈಸ್ ಆಗಿದೆಯೆಂದು ಲ್ಯಾಬಿನವರು ಹೇಳಿದ್ದರಿಂದ ಇಸಿಜಿ ತೆಗೆದು ನೋಡಿ, ಮತ್ತೆ ರಕ್ತ ಕಳುಹಿಸಿದ್ದಾನೆ. ಹಿಮೊಲೈಸ್ ಆದಾಗ, ಅಂದರೆ ಕೆಂಪು ರಕ್ತಕಣಗಳು ಒಡೆದು ಒಳಗಿನ ಪೊಟ್ಯಾಸಿಯಂ ಹೊರಚೆಲ್ಲಿದರೆ ವರದಿಯಲ್ಲಿ ಸುಳ್ಳು ಏರಿಕೆ ಕಾಣುತ್ತದೆ. ಹುಡುಗ ಮಾಡಿದ್ದು ಸರಿಯಾಗಿಯೇ ಇತ್ತು. ಸರಿ ಮಾಡಿದ್ದನ್ನೇ ಹೇಳಲಾಗದೆ ನಿಂತವನು ತಪ್ಪು ಮಾಡಿದ ದಿನ ಬಾಯಿ ಬಿಡುತ್ತಾನೆಯೇ? ಸಿಟ್ಟಿನ ಪ್ರಶ್ನೆಯನ್ನು ನಾನು ಅದುವರೆಗೆ ಸ್ವಭಾವದ ಮಾತೆಂದು ತಿಳಿದಿದ್ದೆ, ರೋಗಿಯ ಸುರಕ್ಷತೆಯ ಮಾತೆಂದು ಅಲ್ಲ. 2019ರಿಂದ ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಮನೋಧರ್ಮ, ನೀತಿ, ಸಂವಹನಗಳ ಎಟ್‌ಕಾಮ್ ಪಾಠಗಳಿವೆ. ಅವನ್ನು ಕಲಿಸುವ ನಾವು ಸಂವಹನ ಕಲಿತದ್ದು ನಮ್ಮ ಗುರುಗಳ ರೌಂಡ್ಸಿನಲ್ಲಿ ಬೈಸಿಕೊಂಡು.

ಎರಡನೆಯ ದಿನ ಸಪ್ಪೆಯಾಗಿತ್ತು. ಉದಾಹರಣೆಗಳೆಲ್ಲ ಐಟಿ ಕಂಪನಿಗಳಿಂದ ಎತ್ತಿಕೊಂಡವು. ಮ್ಯಾನೇಜರ್ ಸರಿಯಿಲ್ಲದಿದ್ದರೆ ಅಲ್ಲಿ ಕೆಲಸ ಬದಲಿಸಬಹುದು. ಮೂರು ವರ್ಷದ ಎಂಡಿ ಓದುವವನ ಪ್ರಬಂಧಕ್ಕೆ ಸಹಿ ಹಾಕಬೇಕಾದವರು ಅದೇ ಗೈಡ್. ಈ ವ್ಯತ್ಯಾಸವನ್ನು ಗಣಿಸದ ನಾಯಕತ್ವದ ಪಾಠ ನಮಗೆ ಅರ್ಧವಷ್ಟೇ ಉಪಯೋಗ. ಇದಕ್ಕಿಂತ ದೊಡ್ಡ ಕೊರತೆಯೆಂದರೆ ಡ್ಯೂಟಿ ಪಟ್ಟಿಯ ಬಗ್ಗೆ ಒಂದೇ ಒಂದು ಮಾತೂ ಬರಲಿಲ್ಲ. ವಾರಕ್ಕೆ 74 ಗಂಟೆ ಮೀರಬಾರದು, ವಾರಕ್ಕೊಂದು ರಜೆ ಇರಬೇಕು ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾರ್ಯಪಡೆ 2024ರಲ್ಲಿ ಶಿಫಾರಸು ಮಾಡಿದೆ. ನಿದ್ದೆಗೆಟ್ಟ ಪಿಜಿಯೊಡನೆ ಮೃದುವಾಗಿ ಮಾತನಾಡುವುದನ್ನು ಕಲಿಸುವವರು, ಅವನ ನಿದ್ದೆ ಕೆಡಿಸುವ ಪಟ್ಟಿಯನ್ನು ಬರೆಯುವುದೂ ನಮ್ಮ ಕೈಯೇ ಎಂಬುದನ್ನು ಎತ್ತಬೇಕಿತ್ತು. ಆ ಹೊತ್ತಿನಲ್ಲಿ ನಮ್ಮಿಂದ ಉಸಿರಾಟದ ಅಭ್ಯಾಸ ಮಾಡಿಸಿದರು.

ಪ್ರಮಾಣಪತ್ರಕ್ಕಾಗಿ ಹೋಗುವವರಿಗೆ ಇದು ದುಬಾರಿ. ಆದರೆ ಮುಖ್ಯಸ್ಥರು ತಮ್ಮ ಯೂನಿಟ್ಟಿನ ಸಹಾಯಕ ಪ್ರಾಧ್ಯಾಪಕರನ್ನೂ ಸೀನಿಯರ್ ರೆಸಿಡೆಂಟನ್ನೂ ಜೊತೆಗೆ ಕರೆದುಕೊಂಡು ಹೋಗುವುದಾದರೆ, ಮೊದಲ ದಿನದ ಆ ಮಧ್ಯಾಹ್ನವೊಂದಕ್ಕೇ ಹಣ ಕೊಡಬಹುದು. ಅದೊಂದನ್ನೇ ಬೇರೆಯಾಗಿ ನಡೆಸುವಿರಾ ಎಂದು ಕೇಳಿದ್ದಕ್ಕೆ, ಮೂರು ತಿಂಗಳ ನಂತರದ ಮರುಸಭೆಯಲ್ಲಿ ತಿಳಿಸುತ್ತೇವೆ ಎಂದಿದ್ದರು. ಈಗ ಐದನೆಯ ತಿಂಗಳು ನಡೆಯುತ್ತಿದೆ.