ಎಸ್.ಪಿ. ರೋಡಿನ ಅಂಗೈಯಗಲದ ತಕ್ಕಡಿ: ಪೆಲೆಟ್‌ಗೂ ಸೈ, ಹಳೆ ಕಾರ್ಬೈನಿನ ಗುಂಡಿಗೂ ಸೈ

ಮೊದಲೇ ಹೇಳಿಬಿಡುತ್ತೇನೆ. ಈ ತಕ್ಕಡಿ ತಗೊಳ್ಳಿ. ಆದರೆ 20 ಗ್ರಾಂನದ್ದು ಬೇಡ, 50 ಗ್ರಾಂನದ್ದೇ ತಗೊಳ್ಳಿ. ಬೆಲೆ ಎರಡು ಸಾವಿರದೊಳಗೆ. 0.001 ಗ್ರಾಂವರೆಗೆ ತೋರಿಸುತ್ತದೆ. ಮೇಲೆ ಪ್ಲಾಸ್ಟಿಕ್ ಮುಚ್ಚಳ, ಜೊತೆಗೆ ಒಂದು ಪುಟ್ಟ ತಟ್ಟೆ, ಒಂದು ಚಿಮಟ, ಒಂದು 50 ಗ್ರಾಂ ತೂಕದ ಬಟ್ಟು ಕೊಡುತ್ತಾರೆ.

ಬೆಂಗಳೂರಿನ ಎಸ್.ಪಿ. ರೋಡಿನ ಒಳಗಲ್ಲಿಯ ಅಂಗಡಿಯಲ್ಲಿ ಕೊಂಡೆ. "ಚಿನ್ನ ತೂಗೋಕಾ ಸಾರ್?" ಅಂತ ಹುಡುಗ ಕೇಳಿದ. "ಇಲ್ಲಪ್ಪ, ಏರ್ ರೈಫಲ್ ಪೆಲೆಟ್ ತೂಗೋಕೆ" ಅಂದೆ. ಪೆಲೆಟ್ ಅಂದರೆ ಗಾಳಿಯ ಒತ್ತಡದಿಂದ ಹಾರುವ ಪುಟ್ಟ ಸೀಸದ ಗುಂಡು. ಮೂರು ಪೀಸ್ ತೆಗೆದು ಒಂದೇ ಬಟ್ಟನ್ನು ಮೂರರ ಮೇಲೂ ಇಟ್ಟು ತೋರಿಸಿದ. ಅಷ್ಟು ತಾಳ್ಮೆ ಈಗ ಎಷ್ಟು ಕಡೆ ಸಿಗುತ್ತದೆ? ಒಂದು ಮಾತು ನೆನಪಿರಲಿ. ಇದಕ್ಕೆ ಸರಕಾರಿ ಮುದ್ರೆ ಇರುವುದಿಲ್ಲ, ವ್ಯಾಪಾರಕ್ಕೆ ಬಳಸುವ ಹಾಗಿಲ್ಲ. ಮನೆ ಕೆಲಸಕ್ಕೆ ಮಾತ್ರ.

ನಾನು ಜಾಲಹಳ್ಳಿಯ ವಾಚ್ ಫ್ಯಾಕ್ಟರಿಯಲ್ಲಿ ತಪಾಸಣೆ ವಿಭಾಗದಲ್ಲಿದ್ದವನು. ಅಳತೆಯ ಸಾಧನ ಕೈಗೆ ಬಂದರೆ ಮೊದಲು ಅದನ್ನೇ ಪರೀಕ್ಷೆ ಮಾಡಬೇಕು ಅನ್ನುವುದು ನನ್ನ ಪದ್ಧತಿ. ಪೀಣ್ಯದಲ್ಲಿ ಕ್ಯಾಲಿಬ್ರೇಶನ್ ಲ್ಯಾಬ್ ನಡೆಸುವ ಗೆಳೆಯರ ಹತ್ತಿರ ಎಫ್2 ದರ್ಜೆಯ 50 ಗ್ರಾಂ ಬಟ್ಟು ಇದೆ. ಆ ದರ್ಜೆಯಲ್ಲಿ 1 ಮಿಲಿಗ್ರಾಂಗಿಂತ ಜಾಸ್ತಿ ತಪ್ಪು ಇರುವಂತಿಲ್ಲ. ಅದರಿಂದ ತಕ್ಕಡಿಯನ್ನು ಸರಿಮಾಡಿ, ಆಮೇಲೆ ಡಬ್ಬಿಯಲ್ಲಿ ಬಂದ ಬಟ್ಟನ್ನು ಇಟ್ಟೆವು. 50.012 ತೋರಿಸಿತು. ಕೊಟ್ಟ ಬಟ್ಟೇ 12 ಮಿಲಿಗ್ರಾಂ ಹೆಚ್ಚು. ಪೆಲೆಟ್‌ಗಳನ್ನು ಒಂದಕ್ಕೊಂದು ಹೋಲಿಸಲು ಅದು ತೊಂದರೆ ಕೊಡುವುದಿಲ್ಲ. ಆದರೂ ಬಟ್ಟಿನ ಡಬ್ಬಿಯ ಮೇಲೆ ಆ ವ್ಯತ್ಯಾಸ ಬರೆದಿಟ್ಟಿದ್ದೇನೆ.

ಕೊಂಡ ದಿನವೇ ನಿಮ್ಮ ಮನೆಯಲ್ಲೇ ಇದನ್ನು ಸರಿಮಾಡಿಕೊಳ್ಳಿ. ಇಂಥ ತಕ್ಕಡಿ ಅಳೆಯುವುದು ಭೂಮಿ ಎಳೆಯುವ ಬಲವನ್ನು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿದೆ, ಸಮಭಾಜಕಕ್ಕೂ ಹತ್ತಿರ. ಇಲ್ಲಿ ಆ ಎಳೆತ ಸ್ವಲ್ಪ ಕಮ್ಮಿ. ಜರ್ಮನಿಯಲ್ಲಿ ಸರಿಮಾಡಿದ ತಕ್ಕಡಿಯನ್ನು ಹಾಗೇ ತಂದು ಇಲ್ಲಿಟ್ಟರೆ 50 ಗ್ರಾಂಗೆ ಸುಮಾರು 0.15 ಗ್ರಾಂ ಕಡಿಮೆ ತೋರಿಸುತ್ತದೆ. ಮಿಲಿಗ್ರಾಂ ಲೆಕ್ಕದಲ್ಲಿ ಅದು ದೊಡ್ಡ ಅಂತರ, ಅಲ್ವಾ?

ಫ್ಯಾನ್ ಆರಿಸಲೇಬೇಕು. ಮುಚ್ಚಳ ತೆಗೆದಿದ್ದರೆ ಪಕ್ಕದಲ್ಲಿ ಯಾರಾದರೂ ನಡೆದು ಹೋದರೂ ಕೊನೆಯ ಅಂಕಿ ಕುಣಿಯುತ್ತದೆ. ಆನ್ ಮಾಡಿ ಹತ್ತು ನಿಮಿಷ ಬಿಟ್ಟು ತೂಗಲು ಶುರುಮಾಡಿ.

ಇದರ ನಿಜವಾದ ದೋಷ ಬೇರೆ. ಅದನ್ನು ಕಂಡುಹಿಡಿದದ್ದು ನನ್ನ ಅಣ್ಣನ ಮಗ. ಅವನಿರುವುದು ಆಸ್ಟ್ರೇಲಿಯಾದ ಪರ್ತ್‌ನಲ್ಲಿ. ಅಲ್ಲಿ ಲೈಸೆನ್ಸ್ ಪಡೆದು ಒಂದು ಹಳೆ ಮಾರ್ಟಿನಿ-ಹೆನ್ರಿ ಕಾರ್ಬೈನ್ (ಗಿಡ್ಡ ನಳಿಕೆಯ ಬಂದೂಕು) ಇಟ್ಟುಕೊಂಡಿದ್ದಾನೆ. ತೋಟಾಗಳನ್ನು ತಾನೇ ತುಂಬುತ್ತಾನೆ. ರಜೆಗೆ ಬಂದಾಗ, "ಚಿಕ್ಕಪ್ಪ, ಮದ್ದು ಸುರಿಯುವಾಗ ಇದು ಹೇಗೆ ನಡ್ಕೊಳ್ಳುತ್ತೆ ನೋಡೋಣ" ಅಂದ. ಲೈಸೆನ್ಸ್ ಇಲ್ಲದೆ ನಾವು ಇಲ್ಲಿ ಮದ್ದು ಮುಟ್ಟುವಂತಿಲ್ಲ. ಹಾಗಾಗಿ ರಾಗಿ ತಂದೆವು. ಒಂದು ರಾಗಿ ಕಾಳು ಎರಡು ಮೂರು ಮಿಲಿಗ್ರಾಂ ತೂಗುತ್ತದೆ. ಖಾಲಿ ತಟ್ಟೆ ಇಟ್ಟು, ಸೊನ್ನೆ ಮಾಡಿ, ಒಂದೊಂದೇ ಕಾಳು ಹಾಕಿದೆವು. ಎಷ್ಟು ಹಾಕಿದರೂ ತಕ್ಕಡಿ 0.000 ಅಂತಲೇ ಕೂತಿತ್ತು! ಸೊನ್ನೆಯ ಹತ್ತಿರ ಆಗುವ ಸಣ್ಣ ಬದಲಾವಣೆಯನ್ನು ಅದು ಅಲುಗಾಟ ಅಂದುಕೊಂಡು ತಾನೇ ಅಳಿಸಿಹಾಕುತ್ತದೆ. ಉಪಾಯ ಸುಲಭ. ಸೊನ್ನೆ ಮಾಡಿದ ಮೇಲೆ ತಟ್ಟೆಯನ್ನು ಪೂರ್ತಿ ಮೇಲೆತ್ತಿ, ಬೇಕಾದಷ್ಟು ಹಾಕಿ, ಮತ್ತೆ ಇಟ್ಟು ಓದಬೇಕು. ಆಗ ಸರಿಯಾದ ಅಂಕಿ ಬರುತ್ತದೆ.

ಈಗ 50 ಗ್ರಾಂ ಯಾಕೆ ಅನ್ನುವ ವಿಷಯ. ಮಾರ್ಟಿನಿ-ಹೆನ್ರಿಯನ್ನು ಬ್ರಿಟಿಷ್ ಸೇನೆ ಒಪ್ಪಿಕೊಂಡದ್ದು 1871ರಲ್ಲಿ. ಕೆಳಗಿನ ಹಿಡಿ ಎಳೆದರೆ ಹಿಂಬದಿ ತೆರೆದುಕೊಳ್ಳುತ್ತದೆ, ಅಲ್ಲಿಂದ ತೋಟಾ ಹಾಕಬೇಕು. ಉದ್ದ ರೈಫಲ್ಲಿನ ತೋಟಾಕ್ಕೆ 85 ಗ್ರೇನ್ ಕರಿಮದ್ದು, 480 ಗ್ರೇನ್ ಗುಂಡು. ಕಾರ್ಬೈನ್ ಗಿಡ್ಡ, ಹಗುರ. ಅದೇ ತೋಟಾ ಹಾರಿಸಿದರೆ ಭುಜಕ್ಕೆ ಒದೆತ ಜಾಸ್ತಿ. ಅದಕ್ಕೇ ಕಾರ್ಬೈನಿಗೆ 70 ಗ್ರೇನ್ ಮದ್ದು, 410 ಗ್ರೇನ್ ಗುಂಡು ಅಂತ ಬೇರೆ ತೋಟಾ ಮಾಡಿದರು. ಒಂದು ಗ್ರೇನ್ ಅಂದರೆ 64.8 ಮಿಲಿಗ್ರಾಂ. ಮದ್ದು ನಾಲ್ಕೂವರೆ ಗ್ರಾಂ ಅಷ್ಟೆ, ಯಾವ ತಕ್ಕಡಿಯಾದರೂ ಆದೀತು. ಆದರೆ 410 ಗ್ರೇನಿನ ಗುಂಡು 26.57 ಗ್ರಾಂ, 480ರದ್ದು 31.1 ಗ್ರಾಂ. 20 ಗ್ರಾಂ ತಕ್ಕಡಿ ಅಲ್ಲೇ ಸೋಲುತ್ತದೆ.

ಅವನಿಗೆ ಮದ್ದಿಗಿಂತ ಗುಂಡು ತೂಗುವುದೇ ಮುಖ್ಯ ಕೆಲಸ. ಸೀಸ ಕರಗಿಸಿ ಅಚ್ಚಿಗೆ ಸುರಿದಾಗ ಕೆಲವು ಗುಂಡುಗಳ ಒಳಗೆ ಗಾಳಿಗುಳ್ಳೆ ಉಳಿಯುತ್ತದೆ. ಹೊರಗೆ ನೋಡಿದರೆ ಗೊತ್ತಾಗುವುದಿಲ್ಲ, ತೂಕದಲ್ಲಿ ಸಿಕ್ಕಿಬೀಳುತ್ತದೆ. ಹಗುರವಾದವನ್ನು ಮತ್ತೆ ಕರಗಿಸುತ್ತಾನೆ. ಮದ್ದನ್ನು ಕಮ್ಮಿಯಿಂದ ಶುರುಮಾಡಿ ಎರಡೆರಡು ಗ್ರೇನ್ ಏರಿಸುತ್ತಾ, ಪ್ರತಿ ಅಳತೆಗೂ ಐದು ಗುಂಡು ಹೊಡೆದು, ಕಾಗದದ ಮೇಲೆ ತೂತುಗಳು ಎಲ್ಲಿ ಒಟ್ಟಿಗೆ ಸೇರುತ್ತವೆ ಅಂತ ನೋಡುತ್ತಾನೆ. ಮದ್ದು ಕಮ್ಮಿ ಮಾಡಿದಾಗ ತೋಟಾದಲ್ಲಿ ಖಾಲಿ ಜಾಗ ಬಿಡಬಾರದು, ನಳಿಕೆ ಉಬ್ಬುವ ಅಪಾಯವಿದೆ. ಉಳಿದ ಜಾಗಕ್ಕೆ ಹಗುರವಾದ ವಸ್ತು ತುಂಬಿ ಮದ್ದನ್ನು ಒತ್ತಾಗಿ ಇಡಬೇಕು. ಕರಿಮದ್ದು ಸುಟ್ಟಮೇಲೆ ಅರ್ಧಕ್ಕಿಂತ ಜಾಸ್ತಿ ಭಾಗ ಕಿಟ್ಟವಾಗಿಯೇ ಉಳಿಯುತ್ತದೆ. ನಳಿಕೆ ಒರೆಸದೆ ಹೊಡೆದರೆ ಮಿಲಿಗ್ರಾಂ ಲೆಕ್ಕ ಹಾಕಿದ್ದೆಲ್ಲ ದಂಡ ಅನ್ನುತ್ತಾನೆ. ನನಗೂ ಹಾಗೇ ಅನಿಸುತ್ತದೆ. ಈ ತಕ್ಕಡಿಯ ಸೂಕ್ಷ್ಮತೆ ಅವನ ಮದ್ದಿಗೆ ಅಗತ್ಯಕ್ಕಿಂತ ಹೆಚ್ಚು.

ಆ ಸೂಕ್ಷ್ಮತೆ ಬೇಕಾಗುವುದು ನನ್ನ ಮೊಮ್ಮಗಳಿಗೆ. ಅವಳು 10 ಮೀಟರ್ ಏರ್ ರೈಫಲ್ ಹೊಡೆಯುತ್ತಾಳೆ. ಪೆಲೆಟ್ ತೂಕ 0.53 ಗ್ರಾಂ. ಗುರಿಯ ನಡುವಿನ ಹತ್ತು ಅಂಕದ ಚುಕ್ಕಿ ಬರೀ ಅರ್ಧ ಮಿಲಿಮೀಟರ್. ಲೆಕ್ಕ ಹಾಕಿ ನೋಡಿದೆ. ಪೆಲೆಟ್ 10 ಮಿಲಿಗ್ರಾಂ ಭಾರವಿದ್ದರೆ ವೇಗ ಸುಮಾರು ಶೇ 1ರಷ್ಟು ಇಳಿಯುತ್ತದೆ, 10 ಮೀಟರ್ ದೂರದಲ್ಲಿ 0.3 ಮಿಲಿಮೀಟರ್ ಕೆಳಗೆ ಬೀಳುತ್ತದೆ. ದಶಾಂಶದ ಅಂಕದಲ್ಲಿ ನಡುವಿನಿಂದ 0.25 ಮಿಲಿಮೀಟರ್ ಸರಿದರೆ 0.1 ಅಂಕ ಕಮ್ಮಿ. ಅಂದರೆ ಒಂದು ಪೆಲೆಟ್ಟಿಗೆ ಹೆಚ್ಚು ಕಡಿಮೆ 0.1 ಹೋಗುತ್ತದೆ. 60 ಹೊಡೆತದ ಸ್ಪರ್ಧೆಯಲ್ಲಿ 0.1 ಅಂಕಕ್ಕೇ ಫೈನಲ್ ತಪ್ಪಬಹುದು.

ಒಳ್ಳೆ ಡಬ್ಬಿಯ ಪೆಲೆಟ್‌ಗಳು ಹೆಚ್ಚಿನವು 0.525 ಮತ್ತು 0.535ರ ನಡುವೆಯೇ ಇರುತ್ತವೆ. ತಕ್ಕಡಿ ಹಿಡಿದುಕೊಡುವುದು ಆಚೆ ಈಚೆ ಹೋದ ಕೆಲವನ್ನು. ಅಷ್ಟು ಸಾಕು. ಆದರೆ ಅವಳ ನಳಿಕೆಗೆ 4.49 ಮಿಲಿಮೀಟರ್ ತಲೆಯ ಪೆಲೆಟ್ ಇಷ್ಟವೋ 4.50 ಇಷ್ಟವೋ ಅನ್ನುವುದನ್ನು ಯಾವ ತಕ್ಕಡಿಯೂ ಹೇಳದು. ಅದಕ್ಕೆ ರೈಫಲ್ಲನ್ನು ಬಿಗಿಯಾಗಿ ಹಿಡಿಸಿ ಬೇರೆ ಬೇರೆ ಬ್ಯಾಚ್ ಹೊಡೆದೇ ನೋಡಬೇಕು. ದುಡ್ಡು ಒಂದಕ್ಕೇ ಇದ್ದರೆ ಮೊದಲು ಎರಡು ಮೂರು ಬ್ಯಾಚಿನ ಡಬ್ಬಿ ಕೊಳ್ಳಿ, ತಕ್ಕಡಿ ಆಮೇಲೆ.

ಸಣ್ಣ ದೂರುಗಳಿವೆ. ಒಂದು ನಿಮಿಷ ಮುಟ್ಟದಿದ್ದರೆ ತಾನೇ ಆಫ್ ಆಗುತ್ತದೆ, ಸೊನ್ನೆ ಮಾಡಿದ್ದು ಮರೆತುಹೋಗುತ್ತದೆ. ಗುಂಡಿಗಳು ಗಟ್ಟಿ, ಒತ್ತಿದರೆ ತಕ್ಕಡಿಯೇ ಜರುಗುತ್ತದೆ. ಅಡಿಗೆ ರಬ್ಬರ್ ತುಂಡು ಅಂಟಿಸಿದ್ದೇನೆ. ಕೊಟ್ಟ ಉಕ್ಕಿನ ಚಿಮಟದಿಂದ ಪೆಲೆಟ್ ಹಿಡಿದರೆ ಅದರ ತೆಳ್ಳನೆ ಅಂಚು ನೆಗ್ಗುತ್ತದೆ. ಪ್ಲಾಸ್ಟಿಕ್ಕಿನದ್ದು ಬೇರೆ ತಗೊಳ್ಳಿ. ಅಡುಗೆಮನೆಯ ಕಟ್ಟೆಯ ಮೇಲೆ ಮಾತ್ರ ತೂಗಬೇಡಿ. ಸೀಸದ ಪುಡಿ ಅದು, ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ, ಮಕ್ಕಳ ಕೈಯನ್ನೂ ತೊಳೆಸಿ.

ಐದಕ್ಕೆ ನಾಲ್ಕು ಕೊಡುತ್ತೇನೆ. ಅಣ್ಣನ ಮಗನೂ ಹೋಗುವಾಗ ಒಂದು ಕೊಂಡೊಯ್ದ. ಪರ್ತ್‌ನಲ್ಲಿ ಭೂಮಿಯ ಎಳೆತ ಬೇರೆ, ಅಲ್ಲಿ ಮತ್ತೆ ಸರಿಮಾಡಿಕೋ ಅಂತ ಹೇಳಿ, ನಮ್ಮ ಬಟ್ಟಿನ 12 ಮಿಲಿಗ್ರಾಂ ಲೆಕ್ಕವನ್ನು ಅವನ ಡಬ್ಬಿಗೆ ಬರೆಯಲಿಲ್ಲ. ಅವನ ಬಟ್ಟು ಬೇರೆ, ಅದನ್ನು ಅವನೇ ಅಳೆಯಿಸಿಕೊಳ್ಳಬೇಕು.