ಮುದ್ರೆಯಿಲ್ಲದ ಬಿಳಿ ಉಂಗುರ ಸಿಕ್ಕರೆ ಅಂಗಡಿಯ ಒಳಕೋಣೆಗೆ ಬಿಡಬೇಡಿ

ಗೋವಾದ ವಾಸ್ಕೋ, ಮಡಗಾಂವ್ ಕಡೆ ಮೆಟಲ್ ಡಿಟೆಕ್ಟರ್ ಹಿಡಿದು ಬೀಚ್ ಸುತ್ತುವ ಗೆಳೆಯರು ದಯವಿಟ್ಟು ಇದನ್ನು ಪೂರ್ತಿ ಓದಿ. ಮರಳಲ್ಲಿ ಬಿಳಿ ಉಂಗುರ ಸಿಕ್ಕು, ಒಳಗೆ ಲೋಹದ ಶುದ್ಧತೆ ಹೇಳುವ ಯಾವ ಮುದ್ರೆಯೂ ಕಾಣದಿದ್ದರೆ, 'ಏನಂತ ನೋಡಿ ಹೇಳಿ' ಎಂದು ಅಂಗಡಿಯವರ ಕೈಗೆ ಕೊಟ್ಟು ಹೊರಗೆ ಕಾಯಬೇಡಿ. ಕೋಲ್ವಾದಲ್ಲಿ ನನಗೆ ಸಿಕ್ಕ ಪ್ಲಾಟಿನಂ ಉಂಗುರ ಹೀಗೇ ಹಾಳಾಯಿತು. ಅದು ಬೇರೆಯವರ ವಸ್ತು ಎನ್ನುವುದೇ ನನಗೆ ಇವತ್ತಿಗೂ ಸಂಕಟ.

ಮಳೆಗಾಲದ ಅಲೆಗಳು ಮೇಲಿನ ಮರಳನ್ನು ಎಳೆದುಕೊಂಡು ಹೋಗಿದ್ದ ಹೊತ್ತು. ಕೆಳಗಿರುವ ಲೋಹ ಯಾವುದಿರಬಹುದೆಂದು ಡಿಟೆಕ್ಟರ್ ತೋರಿಸುವ ನಂಬರ್ ತೀರಾ ಕೆಳಗೆ ಬಂತು, ಸಿಗರೇಟ್ ಪ್ಯಾಕಿನ ಒಳಗಿನ ಹಾಳೆಗೆ ಬರುವಷ್ಟು. ಬೆಳ್ಳಿಯಾದರೆ ನಂಬರ್ ಮೇಲೇರುತ್ತದೆ, ಏಕೆಂದರೆ ಅದರಷ್ಟು ಚೆನ್ನಾಗಿ ವಿದ್ಯುತ್ ಹರಿಸುವ ಲೋಹ ಬೇರೆ ಇಲ್ಲ. ಪ್ಲಾಟಿನಂ ಹರಿಸುವುದು ಅದರ ಆರೇಳನೇ ಒಂದು ಪಾಲು ಮಾತ್ರ. ಹಾಗಾಗಿ ಕಸ ಎಂದು ನಾವು ದಾಟಿ ಹೋಗುವ ಸಿಗ್ನಲ್‌ಗಳಲ್ಲೇ ಅದು ಇರುತ್ತದೆ. ಅಗೆದಾಗ ಬಂದದ್ದು ಸಪಾಟಾದ ಒಂದು ಉಂಗುರ, ನಡುವೆ ಸುತ್ತಲೂ ಕೂದಲೆಳೆಯಂಥ ಗೀರು, ಸ್ವಲ್ಪ ಬೂದು ಬೆರೆತ ಬಿಳುಪು. ಬೆಳ್ಳಿ ಒದ್ದೆ ಮರಳಲ್ಲಿ ಕಪ್ಪಾಗುತ್ತದೆ, ಇದು ಆಗಿರಲಿಲ್ಲ. ಗಾತ್ರ ನೋಡಿದರೆ ನಂಬಲಾಗದಷ್ಟು ಭಾರ.

ಮನೆಗೆ ಬಂದು ನೀರಿನ ಪರೀಕ್ಷೆ ಮಾಡಿದೆ. ಗ್ರಾಮಿನ ನೂರನೇ ಒಂದು ಭಾಗದವರೆಗೆ ತೋರಿಸುವ ಪುಟ್ಟ ತೂಕದ ಯಂತ್ರ ಸಾಕು. ಮೊದಲು ಉಂಗುರವನ್ನು ಒಣಗಿಸಿ ತೂಗಿ. ಆಮೇಲೆ ನೀರಿನ ಲೋಟವನ್ನು ಯಂತ್ರದ ಮೇಲಿಟ್ಟು ಸೊನ್ನೆ ಮಾಡಿ, ಉಂಗುರವನ್ನು ತೆಳು ದಾರದಲ್ಲಿ ಪೂರ್ತಿ ಮುಳುಗಿಸಿ ಹಿಡಿಯಿರಿ. ತಳಕ್ಕೂ ಪಕ್ಕಕ್ಕೂ ತಾಗಬಾರದು, ಗಾಳಿಗುಳ್ಳೆ ಅಂಟಿರಬಾರದು. ಒಣ ತೂಕವನ್ನು ಈಗ ಕಾಣುವ ಅಂಕಿಯಿಂದ ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ನನ್ನದು 7.80 ಗ್ರಾಂ, ನೀರಲ್ಲಿ 0.38, ಅಂದರೆ ಸುಮಾರು 20.5. ಸ್ಟೀಲ್ 8ರ ಹತ್ತಿರ, ಆಭರಣದ ಬೆಳ್ಳಿ 10.4ರ ಹತ್ತಿರ, 18 ಕ್ಯಾರಟ್ ಬಿಳಿ ಚಿನ್ನ 15ರ ಆಸುಪಾಸು. ಶುದ್ಧ ಪ್ಲಾಟಿನಂ 21.45, ಆಭರಣಕ್ಕೆ ಬಳಸುವ 950 ಪ್ಲಾಟಿನಂ ಮಿಶ್ರಣ (ಸಾವಿರದಲ್ಲಿ 950 ಪಾಲು ಪ್ಲಾಟಿನಂ) ಅದಕ್ಕಿಂತ ತುಸು ಕಡಿಮೆ. ಹರಳು ಕೂರಿಸಿದ ಅಥವಾ ಒಳಗೆ ಟೊಳ್ಳಿರುವ ಒಡವೆಗೆ ಮಾತ್ರ ಈ ಲೆಕ್ಕ ನಂಬಬೇಡಿ.

ಬೀಚಿನ ಲೈಫ್‌ಗಾರ್ಡ್‌ಗಳಿಗೆ ಆಗಲೇ ಹೇಳಿಟ್ಟಿದ್ದೆ. ಪೊಲೀಸ್ ಠಾಣೆಯಲ್ಲಿ ಬರೆದುಕೊಡುವಾಗ ಲೋಹ ಯಾವುದೆಂದು ಖಚಿತವಾಗಿ ಹೇಳಬೇಕಲ್ಲ ಎಂದು ಹಳೆ ಚಿನ್ನ-ಬೆಳ್ಳಿ ಕೊಳ್ಳುವ ಒಂದು ಅಂಗಡಿಗೆ ಒಯ್ದೆ. ಅಲ್ಲಿದ್ದವನು ನಮ್ಮ ಬಾಗಲಕೋಟೆ ಕಡೆಯವನೇ. "ಪ್ಲಾಟಿನಂ ಇದ್ದಂಗ ಐತ್ರಿ, ಮಷೀನಿನ್ಯಾಗ ಇಟ್ಟು ನೋಡ್ರಿ ಅಷ್ಟ. ಕತ್ತರಿ ಹಚ್ಚಬ್ಯಾಡ್ರಿ, ಮಾಲಕರಿಗೆ ಕೊಡೂದೈತಿ" ಅಂತ ಬಿಡಿಸಿ ಹೇಳಿದೆ. "ಆತ್ರಿ ಅಣ್ಣಾರ" ಎಂದು ಪರದೆ ಸರಿಸಿ ಒಳಗೆ ಹೋದ.

ಹೊರಗೆ ಬಂದಾಗ ಉಂಗುರದ ಒಂದು ಕಡೆ ಅಡ್ಡಕ್ಕೆ ಕತ್ತರಿಸಿತ್ತು, ಪಕ್ಕದಲ್ಲಿ ಅರದಿಂದ ಉಜ್ಜಿದ ಆಳದ ಗುಳಿ. "ಆಸಿಡ್ ಹಾಕಿದ್ರೂ ಏನೂ ಆಗಲಿಲ್ರಿ, ಗ್ಯಾಸಿನ ಬೆಂಕಿಗೂ ಕರಗಲಿಲ್ಲ. ಸ್ಟೀಲ್ ಐತಿ. ಇನ್ನೂರು ಕೊಡ್ತೀನಿ, ಬಿಟ್ಟು ಹೋಗ್ರಿ." ಸ್ಟೀಲ್ ಉಂಗುರಕ್ಕೆ, ಅದೂ ತುಂಡು ಮಾಡಿದ್ದಕ್ಕೆ, ಇನ್ನೂರು ರೂಪಾಯಿ ಯಾರು ಕೊಡುತ್ತಾರೆ? ಬೆಂಕಿ ತಾಗಿದ ಜಾಗ ನೋಡಿದೆ, ಬೆಳ್ಳಗೇ ಇತ್ತು. ಸ್ಟೀಲ್ ಆಗಿದ್ದರೆ ಅಲ್ಲಿ ನೀಲಿಯೋ ಕಪ್ಪೋ ಬಣ್ಣ ತಿರುಗಿರಬೇಕಿತ್ತು. ಜಗಳ ಮಾಡಿಯೇ ವಾಪಸು ತಂದೆ.

ಅವನು ಹೇಳಿದ ಯಾವುದರಿಂದಲೂ ಸ್ಟೀಲ್ ಎಂದು ಸಾಬೀತಾಗುವುದಿಲ್ಲ. ಅಂಗಡಿಯವರು ಬಳಸುವ ನೈಟ್ರಿಕ್ ಆಸಿಡ್ ಸ್ಟೇನ್‌ಲೆಸ್ ಸ್ಟೀಲಿಗೂ ಏನೂ ಮಾಡದು, ಪ್ಲಾಟಿನಂಗೂ ಏನೂ ಮಾಡದು. ಬೆಳ್ಳಿ 962 ಡಿಗ್ರಿಗೆ, ಚಿನ್ನ 1064ಕ್ಕೆ ಕರಗಿದರೆ ಪ್ಲಾಟಿನಂಗೆ 1768 ಡಿಗ್ರಿ ಸೆಲ್ಸಿಯಸ್ ಬೇಕು. ಅಯಸ್ಕಾಂತವನ್ನೂ ನಂಬಬೇಡಿ, ಕೋಬಾಲ್ಟ್ ಬೆರೆಸಿದ ಪ್ಲಾಟಿನಂ ಸ್ವಲ್ಪ ಎಳೆಯುತ್ತದೆ. ಹೈಡ್ರೋಜನ್ ಪೆರಾಕ್ಸೈಡಲ್ಲಿ ಹಾಕಿ ಗುಳ್ಳೆ ನೋಡಿ ಎಂದು ಕೆಲವರು ಹೇಳುತ್ತಾರೆ, ಗುಳ್ಳೆ ಬೆಳ್ಳಿಗೂ ಬರುತ್ತದೆ, ತುಕ್ಕಿಗೂ ಬರುತ್ತದೆ.

ಆಮೇಲೆ ಬೇರೆ ಕಡೆ, ಎಕ್ಸ್-ರೇ ಹಾಯಿಸಿ ಲೋಹ ಗುರುತಿಸುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನನ್ನ ಕಣ್ಣೆದುರೇ ಇಡಿಸಿದೆ. ಶೇಕಡಾ 95ರಷ್ಟು ಪ್ಲಾಟಿನಂ. ಒಡವೆ ಮುಟ್ಟದೆ, ಕೆಡಿಸದೆ ಒಂದೆರಡು ನಿಮಿಷದ ಕೆಲಸ. ಆ ಯಂತ್ರ ಓದುವುದು ಮೇಲ್ಪದರವನ್ನು ಮಾತ್ರ, ರೋಡಿಯಂ ಎಂಬ ಬಿಳಿ ಲೋಹ ಲೇಪಿಸಿದ ಬಿಳಿ ಚಿನ್ನ ಅದನ್ನು ದಾರಿ ತಪ್ಪಿಸಬಹುದು. ಅದಕ್ಕೇ ನೀರಿನ ಪರೀಕ್ಷೆಯ ಅಂಕಿ ಜೊತೆಗಿರಬೇಕು. ಎರಡೂ ಒಂದೇ ಮಾತು ಹೇಳಿದರೆ ಅನುಮಾನವೇ ಬೇಡ.

ಲೈಫ್‌ಗಾರ್ಡ್ ಬಳಿ ನಂಬರ್ ಬಿಟ್ಟು ಹೋಗಿದ್ದ ಪುಣೆಯ ದಂಪತಿ ಸಿಕ್ಕರು. ಆಕೆಯ ನಿಶ್ಚಿತಾರ್ಥದ ಉಂಗುರ. ಬಿಗಿಯಾಯಿತೆಂದು ಅಳತೆ ದೊಡ್ಡದು ಮಾಡಿಸುವಾಗ ಮುದ್ರೆ ಇದ್ದ ಭಾಗವೇ ಹೋಗಿತ್ತಂತೆ. ಉಂಗುರಗಳಲ್ಲಿ ಇದು ಸಾಮಾನ್ಯ, ಮುದ್ರೆ ಇಲ್ಲ ಎಂದ ಮಾತ್ರಕ್ಕೆ ನಕಲಿ ಅಲ್ಲ. ಚಿನ್ನಕ್ಕಿರುವಂತೆ ಕಡ್ಡಾಯ ಬಿಐಎಸ್ ಹಾಲ್‌ಮಾರ್ಕ್ ನಮ್ಮಲ್ಲಿ ಪ್ಲಾಟಿನಂಗೆ ಇಲ್ಲ ಎನ್ನುವುದೂ ಗೊತ್ತಿರಲಿ. ಕತ್ತರಿಸಿದ ಜಾಗವನ್ನು ಆಕೆ ಹೆಬ್ಬೆರಳಿಂದ ಮುಟ್ಟಿ ಮುಟ್ಟಿ ನೋಡಿದರು, ನನಗೆ ಒಂದು ಕೆಟ್ಟ ಮಾತೂ ಆಡಲಿಲ್ಲ. ಅದನ್ನು ಬೆಸೆಯುವುದು ಎಲ್ಲ ಪತ್ತಾರರ ಕೈಲಿ ಆಗುವುದಿಲ್ಲ, ಅಷ್ಟು ಶಾಖ ಬೇಕು. ಬಿಳಿ ಚಿನ್ನದ ಬೆಸುಗೆ ಹಾಕಿದರೆ ಬಣ್ಣ ಬೇರೆಯಾಗಿ ಗೆರೆ ಉಳಿಯಬಹುದು. ಪ್ಲಾಟಿನಂ ಕೆಲಸ ಗೊತ್ತಿರುವವರಿಂದ, ಲೇಸರ್ ವೆಲ್ಡಿಂಗ್ ಇರುವಲ್ಲಿ ಮಾಡಿಸಿ ಎಂದು ಹೇಳಿ ಕಳಿಸಿದೆ.

ಸಿಕ್ಕಿದ್ದನ್ನು ಮಾರಿಬಿಡೋಣ ಎನ್ನುವವರಿಗೂ ಒಂದು ಮಾತು. ಮಾಲೀಕರನ್ನು ಹುಡುಕುವ ಗೋಜಿಗೇ ಹೋಗದೆ ಇಟ್ಟುಕೊಂಡರೆ ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಂ ಇದೆ. ಸಿಕ್ಕ ವಸ್ತುವನ್ನು ಜೋಪಾನ ಮಾಡುವ ಹೊಣೆಯನ್ನು 1872ರ ಕರಾರು ಕಾಯ್ದೆಯ 71ನೇ ಕಲಂ ಸಿಕ್ಕವನ ಮೇಲೇ ಹಾಕುತ್ತದೆ. ತೂಕ ಬರೆದಿಟ್ಟುಕೊಳ್ಳಿ, ಒಳಗೂ ಹೊರಗೂ ಫೋಟೋ ತೆಗೆದುಕೊಳ್ಳಿ, ಆದರೆ ಎಲ್ಲವನ್ನೂ ಗ್ರೂಪುಗಳಿಗೆ ಹಾಕಬೇಡಿ. ನಾನು 'ಬಿಳಿ ಉಂಗುರ' ಎಂದಷ್ಟೇ ಹೇಳಿದ್ದೆ. ನಡುವಿನ ಗೀರಿನ ಗುರುತು ಹೇಳಿದವರು ಆ ದಂಪತಿ ಮಾತ್ರ.