ಸೇಡಂ ರಸ್ತೆಯ ‘ಥೀಮ್ ಪಾರ್ಕ್ ಪ್ಲಾಟು’: ಟೋಕನ್ ಕೊಡುವ ಮೊದಲು ದಯವಿಟ್ಟು ಇದನ್ನು ಓದಿ

ಕಲಬುರಗಿಗೆ ದೊಡ್ಡ ಥೀಮ್ ಪಾರ್ಕ್ ರೆಸಾರ್ಟ್ ಬರುತ್ತದೆ, ಅದರ ಸುತ್ತ ಮೂರು ಹೋಟೆಲುಗಳು ಏಳುತ್ತವೆ, ಅದಕ್ಕಾಗಿ ಸೇಡಂ ರಸ್ತೆಯಿಂದ ಹೊಸ ನಾಲ್ಕು ಪಥದ ರಸ್ತೆ ಒಳಗೆ ತಿರುಗುತ್ತದೆ ಎಂದು ಯಾರಾದರೂ ನಿಮ್ಮ ಮುಂದೆ ನಕ್ಷೆ ಬಿಚ್ಚಿದರೆ, ಒಂದು ರೂಪಾಯಿಯನ್ನೂ ಕೊಡಬೇಡಿ. ನಾನು 3,51,000 ರೂಪಾಯಿ ಕೊಟ್ಟಿದ್ದೇನೆ. ಇದನ್ನು ಬರೆಯಲು ನನಗೆ ನಾಚಿಕೆಯಾಗುತ್ತಿದೆ, ಏಕೆಂದರೆ ಇಪ್ಪತ್ತೆಂಟು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವನು ನಾನು, ನಮ್ಮ ಮನೆತನದಲ್ಲಿ ಯಾರು ಯಾವ ಕಾಗದಕ್ಕೆ ಸಹಿ ಹಾಕಬೇಕಾದರೂ ಮೊದಲು ನನಗೆ ತೋರಿಸುತ್ತಾರೆ. ನನ್ನ ಮಾತು ನಂಬಿ ನನ್ನ ಹೆಂಡತಿಯ ತಮ್ಮನೂ ಅದೇ ಲೇಔಟಿನಲ್ಲಿ 51,000 ರೂಪಾಯಿ ಟೋಕನ್ ಕಟ್ಟಿದ್ದಾನೆ. ನನ್ನ ಹಣಕ್ಕಿಂತ ಅವನ ಹಣ ನನ್ನನ್ನು ಹೆಚ್ಚು ಸುಡುತ್ತಿದೆ.

ಫೆಬ್ರುವರಿಯ ಒಂದು ಭಾನುವಾರ ನಗರದ ಒಂದು ಹೋಟೆಲಿನ ಹಾಲ್‌ನಲ್ಲಿ ಸಭೆ ಕರೆದಿದ್ದರು. ಬಂದವರಿಗೆಲ್ಲ ಚಹಾ, ಉಪ್ಪಿಟ್ಟು, ಕೈಗೊಂದು ಬಣ್ಣದ ಪುಸ್ತಿಕೆ. ಮಾತನಾಡಿದವನು ಮೂವತ್ತರ ಆಸುಪಾಸಿನ, ವಿನಯವಂತ ಹುಡುಗ. ಅವನು ಮೊದಲು ಹೇಳಿದ್ದೆಲ್ಲ ನಿಜವೇ ಆಗಿತ್ತು. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗ ಉದ್ಘಾಟನೆಯಾಯಿತು ಎಂದ, ಅದು ನಿಜ. 2019ರ ನವೆಂಬರ್ 22ರಂದು ನಮ್ಮ ವಿಮಾನ ನಿಲ್ದಾಣ ಉದ್ಘಾಟನೆಯಾಯಿತು ಎಂದ, ನಿಜ. 2023ರಲ್ಲಿ ಪಿ.ಎಂ. ಮಿತ್ರ ಜವಳಿ ಪಾರ್ಕಿಗೆ ಕಲಬುರಗಿ ಆಯ್ಕೆಯಾಯಿತು, ಸೂರತ್–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿ ನಮ್ಮ ಜಿಲ್ಲೆಯನ್ನು ಹಾದು ಹೋಗುತ್ತದೆ ಎಂದ, ಅದೂ ನಿಜ. ಈ ನಾಲ್ಕು ನಿಜಗಳ ಬೆನ್ನಿಗೆ ಐದನೆಯದಾಗಿ ಥೀಮ್ ಪಾರ್ಕನ್ನು ಇಟ್ಟ. ನಾಲ್ಕಕ್ಕೂ ತಲೆಯಾಡಿಸಿದ್ದ ನಾನು ಐದನೆಯದಕ್ಕೂ ತಲೆಯಾಡಿಸಿದೆ. ನಮ್ಮ ಕಡೆಯವರು ಬೇಸಿಗೆ ರಜೆ ಬಂತೆಂದರೆ ಮಕ್ಕಳನ್ನು ಕಟ್ಟಿಕೊಂಡು ಹೈದರಾಬಾದಿಗೆ, ರಾಮೋಜಿ ಫಿಲ್ಮ್ ಸಿಟಿಗೆ ಹೋಗುವುದು ಎಲ್ಲರಿಗೂ ಗೊತ್ತು, “ಅಲ್ಲಿಗೆ ಹೋಗುವ ದುಡ್ಡು ಇನ್ನು ಮುಂದೆ ಇಲ್ಲೇ ಉಳಿಯುತ್ತದೆ” ಎಂದು ಅವನು ಹೇಳಿದಾಗ ಹಾಲ್‌ನಲ್ಲಿ ಚಪ್ಪಾಳೆ ಬಿತ್ತು. ನಾನೂ ತಟ್ಟಿದೆ.

ನಂತರ ಅವನು ಡಿಸ್ನಿ ಕಥೆ ಹೇಳಿದ. ಅಮೆರಿಕದ ಫ್ಲಾರಿಡಾದಲ್ಲಿ, ಒರ್ಲ್ಯಾಂಡೊ ಊರಿನ ಪಕ್ಕ, ಜವುಗು ನೆಲವನ್ನು ಡಿಸ್ನಿ ಕಂಪನಿ ಎಕರೆಗೆ ಸುಮಾರು 200 ಡಾಲರಿನಂತೆ 27,000 ಎಕರೆಗೂ ಹೆಚ್ಚು ಕೊಂಡಿತು, 1965ರಲ್ಲಿ ಸುದ್ದಿ ಹೊರಬಿದ್ದ ಕೂಡಲೇ ಸುತ್ತಲ ಜಮೀನಿನ ಬೆಲೆ ಗಗನಕ್ಕೇರಿತು, ಮೊದಲೇ ಕೊಂಡವರು ಶ್ರೀಮಂತರಾದರು, “ನೀವು ಇವತ್ತು 1965ರಲ್ಲಿ ಕೂತಿದ್ದೀರಿ” ಎಂದ. ಆ ಒಂದು ವಾಕ್ಯ ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅದೇ ದಿನ ಸಂಜೆ ಜೀಪಿನಲ್ಲಿ ಜಾಗಕ್ಕೆ ಕರೆದೊಯ್ದರು. ವಿಮಾನ ನಿಲ್ದಾಣ ದಾಟಿ ಸ್ವಲ್ಪ ದೂರ ಹೋಗಿ ಬಂಡಿದಾರಿಗೆ ಇಳಿದೆವು. ತೊಗರಿ ಕೊಯ್ದ ಹೊಲ, ಕಾಲಿಗೆ ಚುಚ್ಚುವ ಕೂಳೆ, ಬಿರುಕು ಬಿಟ್ಟ ಎರೆ ಮಣ್ಣು, ಅದರ ಮೇಲೆ ಸುಣ್ಣದಲ್ಲಿ ಎಳೆದ ನೇರವಾದ ಬಿಳಿ ಗೆರೆಗಳು, ಮೂಲೆಗೊಂದು ಕೇಸರಿ ಬಣ್ಣದ ಬಾವುಟ. ಸಂಜೆ ಬಿಸಿಲಿನಲ್ಲಿ ಆ ಗೆರೆಗಳು ಎಷ್ಟು ಅಚ್ಚುಕಟ್ಟಾಗಿ ಕಾಣುತ್ತಿದ್ದವೆಂದರೆ, ಅಲ್ಲಿ ಬೀದಿ ಇದೆ, ಚರಂಡಿ ಇದೆ, ದೀಪದ ಕಂಬ ಇದೆ ಎಂದು ಮನಸ್ಸು ತಾನೇ ತುಂಬಿಕೊಂಡಿತು. ಆ ಹುಡುಗ ನನ್ನ ಭುಜ ಹಿಡಿದು ಎರಡು ಹೆಜ್ಜೆ ಹಿಂದೆ ಸರಿಸಿ, “ಸರ, ಈಗ ನೀವು ನಿಂತೀರಲ್ಲ, ಇದೇ ಜಾಗಕ್ಕ ಹೋಟೆಲಿನ ಗೇಟ್ ಬರ್ತದ” ಎಂದ. ನಾನು ಕೆಳಗೆ ನೋಡಿದೆ. ಖಾಲಿ ಮಣ್ಣನ್ನು ನೋಡಿ ಸಂತೋಷಪಟ್ಟೆ. ಈಗಲೂ ರಾತ್ರಿ ಮಲಗಿದಾಗ ಅದೇ ನೆನಪಾಗುತ್ತದೆ.

30×40 ಅಳತೆಯ ಪ್ಲಾಟು, ಚದರಡಿಗೆ 650 ರೂಪಾಯಿ, ಒಟ್ಟು 7,80,000. ಮರುದಿನ 51,000 ಕೊಟ್ಟೆ. “ರಸ್ತೆಯ ಅಧಿಸೂಚನೆ ಬಂದರೆ ಬೆಲೆ ದುಪ್ಪಟ್ಟಾಗುತ್ತದೆ” ಎಂದು ದಿನಕ್ಕೆರಡು ಸಲ ಫೋನ್ ಬಂತು. ಹದಿನೈದು ದಿನದೊಳಗೆ, ನಿವೃತ್ತಿಯಲ್ಲಿ ಬಂದ ಹಣದಿಂದ, ಮತ್ತೆ 3,00,000 ಕೊಟ್ಟೆ. ಪ್ರತಿಯಾಗಿ ಸಿಕ್ಕಿದ್ದು ಒಂದು ಬುಕಿಂಗ್ ಫಾರಂ ಮತ್ತು ರಸೀದಿ. ನೋಂದಾಯಿಸಿದ ಕರಾರಿಲ್ಲ, ಎನ್.ಎ. (ಕೃಷಿಯೇತರ ಬಳಕೆಗೆ ಪರಿವರ್ತನೆ) ಆದೇಶದ ಪ್ರತಿ ಇಲ್ಲ, ಪಹಣಿ ಇಲ್ಲ. ಕೇಳಿದ್ದಕ್ಕೆ “ಫೈಲ್ ಡಿ.ಸಿ. ಆಫೀಸಿನಲ್ಲಿದೆ” ಎಂದರು. ನಮ್ಮ ಕಡೆ ಅರ್ಧ ವ್ಯವಹಾರಗಳು ಈ ಮಾತಿನ ಮೇಲೆಯೇ ನಡೆಯುವುದರಿಂದ ನಾನು ಸುಮ್ಮನಾದೆ.

ಮೋಸ ತಿಳಿದದ್ದು ಮೇ ತಿಂಗಳಲ್ಲಿ, ನಮ್ಮ ಮನೆಯಲ್ಲೇ. ಭಾವಮೈದುನ ಏಪ್ರಿಲ್‌ನಲ್ಲಿ ಬುಕ್ ಮಾಡಿದ್ದ, ಅವನಿಗೆ ಕೊಟ್ಟ ಪುಸ್ತಿಕೆ ತಂದಿದ್ದ. ಊಟ ಮುಗಿಸಿ ಇಬ್ಬರೂ ನೆಲದ ಮೇಲೆ ನಕ್ಷೆಗಳನ್ನು ಅಕ್ಕಪಕ್ಕ ಹಾಸಿ ನಮ್ಮ ನಮ್ಮ ಪ್ಲಾಟು ಹುಡುಕತೊಡಗಿದೆವು. ನನ್ನ ನಕ್ಷೆಯಲ್ಲಿ ಕೆಂಪು ಬಣ್ಣದ ಹೊಸ ರಸ್ತೆ ಲೇಔಟಿನ ಪೂರ್ವಕ್ಕೆ, ನನ್ನ ಪ್ಲಾಟಿಗೆ ತಾಗಿ ಹೋಗಿತ್ತು. ಅವನ ನಕ್ಷೆಯಲ್ಲಿ ಅದೇ ರಸ್ತೆ ಪಶ್ಚಿಮಕ್ಕೆ, ಅವನ ಪ್ಲಾಟಿಗೆ ತಾಗಿ ಹೋಗಿತ್ತು. ಹಳ್ಳ ಅಲ್ಲೇ ಇದೆ, ಬಂಡಿದಾರಿ ಅಲ್ಲೇ ಇದೆ, ಪ್ಲಾಟಿನ ಸಂಖ್ಯೆಗಳೂ ಅವೇ. ರಸ್ತೆ ಮಾತ್ರ ಜಾಗ ಬದಲಿಸಿದೆ, ಹೋಟೆಲಿನ ಚಿತ್ರವೂ ರಸ್ತೆಯ ಹಿಂದೆಯೇ ಸರಿದಿದೆ. ಅವನು ಏನೂ ಮಾತನಾಡಲಿಲ್ಲ, ನನ್ನ ಮುಖ ನೋಡಿದ. ನಾನು ಅಳತೆಪಟ್ಟಿ ತಂದು ಎರಡೆರಡು ಸಲ ಅಳೆದೆ. ಅಳೆಯುವುದಕ್ಕೆ ಏನೂ ಇರಲಿಲ್ಲ, ಆದರೂ ಅಳೆದೆ.

ಮರುದಿನದಿಂದ ಬಂದ ಉತ್ತರಗಳನ್ನು ಇಲ್ಲಿ ಹಾಗೆಯೇ ಬರೆಯುತ್ತಿದ್ದೇನೆ, ನಿಮಗೂ ಇವೇ ಉತ್ತರ ಬಂದರೆ ಗುರುತು ಸಿಗಲಿ. ಮೊದಲನೆಯದು, “ಸರ, ಅಲೈನ್‌ಮೆಂಟ್ ಬದಲಾಗ್ಯದ, ಇದು ನಿಮಗೇ ಲಾಭ.” ಹಾಗಾದರೆ ಯಾವ ನಕ್ಷೆ ಸರಿ ಎಂದೆ. “ಎರಡೂ ಸರಿ, ಫೈನಲ್ ಆಗಬೇಕು.” ಹೋಟೆಲ್ ಕಟ್ಟುವವರು ಯಾರು ಎಂದು ಕೇಳಿದೆ. “ಹೆಸರು ಹೊರಗೆ ಹೇಳಬೇಡಿ ಎಂದು ಕಂಪನಿಯವರು ಹೇಳ್ಯಾರ.” ಹಣ ವಾಪಸು ಕೇಳಿದೆ, ಮೂರು ದಿನ ಉತ್ತರವಿಲ್ಲ. ನಾಲ್ಕನೆಯ ದಿನ, “ಎರಡನೇ ಹಂತದಲ್ಲಿ ಕಾರ್ನರ್ ಪ್ಲಾಟು ಕೊಡ್ತೀವಿ, ಇನ್ನೊಂದು ಲಕ್ಷ ಕಟ್ಟಿ.” ಕಚೇರಿಗೇ ಹೋದಾಗ ಅವರ ಮ್ಯಾನೇಜರ್ ನನ್ನ ಫಾರಂ ತಿರುಗಿಸಿ, ಹಿಂಬದಿಯಲ್ಲಿ ಸಾಸಿವೆಯಷ್ಟು ಸಣ್ಣ ಅಕ್ಷರದಲ್ಲಿದ್ದ ಷರತ್ತಿನ ಮೇಲೆ ಬೆರಳಿಟ್ಟ. ರಸ್ತೆ, ಹೋಟೆಲ್, ಪಾರ್ಕ್ ಎಲ್ಲವೂ “ಸೂಚನಾತ್ಮಕ”, ಅಂದರೆ ಖಚಿತವಲ್ಲ, ಬುಕಿಂಗ್ ಹಣ ಮರಳಿಸಲಾಗುವುದಿಲ್ಲ ಎಂದು ಅಲ್ಲಿತ್ತು. “ನೀವು ಮಾಸ್ತರ ಇದ್ದೀರಿ, ನಿಮಗ ಓದಲಿಕ್ಕ ಬರ್ತದಲ್ರಿ?” ಎಂದ. ಆ ಕೋಣೆಯಲ್ಲಿ ಹೊಸದಾಗಿ ಬುಕ್ ಮಾಡಲು ಬಂದ ಗಂಡ ಹೆಂಡತಿ ಕೂತಿದ್ದರು. ಅವರ ಮುಂದೆ ಗಂಟಲು ಕಟ್ಟಿ ನನಗೆ ಒಂದು ಮಾತೂ ಹೊರಡಲಿಲ್ಲ. ಅವರನ್ನು ಅಲ್ಲೇ ಎಚ್ಚರಿಸದೆ ಎದ್ದು ಬಂದೆನಲ್ಲ, ಅದಕ್ಕಾಗಿಯೇ ಮುಖ್ಯವಾಗಿ ಈ ಬರಹ.

ಜೂನ್ ಮಳೆಯ ನಂತರ ಒಬ್ಬನೇ ಜಾಗಕ್ಕೆ ಹೋದೆ. ಸುಣ್ಣದ ಗೆರೆ ಒಂದೂ ಇರಲಿಲ್ಲ. ರೈತರೊಬ್ಬರು ಕೂರಿಗೆ ಹೂಡಿ ತೊಗರಿ ಬಿತ್ತುತ್ತಿದ್ದರು. ನನ್ನ ಕೈಯ ಪುಸ್ತಿಕೆ ನೋಡಿ ಅವರಿಗೇ ಅರ್ಥವಾಯಿತು. “ಹೊಲಾ ಮಾರಿಲ್ರಿ. ಹನ್ನೊಂದು ತಿಂಗಳ ಕರಾರು ಮಾಡ್ಯಾರ, ಒಂದು ಲಕ್ಷ ಇಸಾರ ಕೊಟ್ಟಾರ, ಮುಂದ ಬಂದೇ ಇಲ್ಲ. ಬಿತ್ತಬ್ಯಾಡ ಅಂದ್ರ ನಾವೇನು ತಿನ್ನಬೇಕ್ರಿ?” ಎಂದರು. ನನ್ನ ಪ್ಲಾಟಿನ ಜಾಗದಲ್ಲಿ ಆಗಲೇ ಎರಡು ಸಾಲು ಬಿದ್ದಿತ್ತು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರಿಗೂ ನನ್ನಂತೆಯೇ ಆಗಿದೆ. ಬಳಿಕ 10 ರೂಪಾಯಿ ಶುಲ್ಕ ಕಟ್ಟಿ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ಆ ಸರ್ವೆ ನಂಬರುಗಳಲ್ಲಿ ಯಾವ ಹೊಸ ರಸ್ತೆಯ ಪ್ರಸ್ತಾವವೂ ಇಲ್ಲವೆಂದು ಒಂದೇ ಸಾಲಿನ ಉತ್ತರ ಬಂತು. ಆ ಅರ್ಜಿಯನ್ನು ಫೆಬ್ರುವರಿಯಲ್ಲಿ ಹಾಕಬಹುದಿತ್ತು.

ಡಿಸ್ನಿ ಕಥೆಯನ್ನೂ ಆಮೇಲೆ ಕೂತು ಓದಿದೆ. ಕಥೆ ನಿಜ, ಆದರೆ ಅವನು ಅದರ ಅರ್ಧವನ್ನು ನುಂಗಿದ್ದ. ಡಿಸ್ನಿ ಕಂಪನಿ ಆ ನೆಲವನ್ನು ಬೇರೆ ಬೇರೆ ಹೆಸರಿನ ಬೇನಾಮಿ ಕಂಪನಿಗಳ ಮೂಲಕ, ಯಾರಿಗೂ ಸುಳಿವು ಕೊಡದೆ ಕೊಂಡಿತು. ತಿಳಿದರೆ ಬೆಲೆ ಏರುತ್ತದೆ ಎಂಬುದೇ ಅದಕ್ಕೆ ಕಾರಣ. 1965ರ ಅಕ್ಟೋಬರಿನಲ್ಲಿ ಅಲ್ಲಿಯ ಪತ್ರಿಕೆ ಗುಟ್ಟು ಒಡೆಯುವ ಹೊತ್ತಿಗೆ ಜಮೀನು ಬಹುಪಾಲು ಕೈಸೇರಿತ್ತು. ನಿಜವಾಗಿ ಪಾರ್ಕ್ ಕಟ್ಟುವವರು ಉಪ್ಪಿಟ್ಟು ಕೊಟ್ಟು ಊರಿಗೆಲ್ಲ ಮೊದಲೇ ಹೇಳುತ್ತಾರೆಯೇ? ಇನ್ನು ರಸ್ತೆ. ದೊಡ್ಡ ಹೆದ್ದಾರಿಗಳೆರಡು ಒರ್ಲ್ಯಾಂಡೊ ಬಳಿ ಕೂಡುತ್ತವೆ ಎಂಬುದನ್ನು ನೋಡಿಯೇ ಆ ಜಾಗವನ್ನು ಆರಿಸಿದ್ದು. ಹೋಟೆಲುಗಳ ವಿಷಯ ಇನ್ನೂ ಸ್ಪಷ್ಟ. 1955ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದ ಮೊದಲ ಪಾರ್ಕಿಗೆ ಸುಮಾರು 160 ಎಕರೆ ಮಾತ್ರ ಇತ್ತು, ಗೋಡೆಯಾಚೆ ಬೇರೆಯವರ ಹೋಟೆಲುಗಳು ಮುತ್ತಿಕೊಂಡು ಹಣ ಮಾಡಿದವು. ಹಾಗೆ ಮತ್ತೆ ಆಗಬಾರದೆಂದೇ ಫ್ಲಾರಿಡಾದಲ್ಲಿ ಅಷ್ಟು ನೆಲ ಕೊಂಡು, ಹೋಟೆಲುಗಳನ್ನು ತನ್ನ ನೆಲದೊಳಗೇ ಕಟ್ಟಿತು. 1971ರ ಅಕ್ಟೋಬರ್ 1ರಂದು ಪಾರ್ಕ್ ತೆರೆಯಿತು, ಗುಟ್ಟು ಒಡೆದ ಆರು ವರ್ಷದ ಮೇಲೆ. ನನಗೆ ಹೇಳಿದ್ದು ಹದಿನೆಂಟು ತಿಂಗಳು.

ಕೊಳ್ಳುವವರಿಗೆ ಇಷ್ಟು ಹೇಳುತ್ತೇನೆ. 500 ಚದರ ಮೀಟರಿಗಿಂತ ದೊಡ್ಡ ಲೇಔಟಿಗೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಬೇಕೇ ಬೇಕು, ನೋಂದಣಿಯಿಲ್ಲದೆ ಜಾಹೀರಾತನ್ನೂ ಕೊಡುವಂತಿಲ್ಲ. ನೋಂದಾಯಿಸಿದ ಮಾರಾಟ ಕರಾರಿಲ್ಲದೆ ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಮುಂಗಡ ಪಡೆಯಬಾರದೆಂದು 2016ರ ರೇರಾ ಕಾಯ್ದೆಯ 13ನೇ ಕಲಂ ಹೇಳುತ್ತದೆ. ನನ್ನ ಲೆಕ್ಕದಲ್ಲಿ ಅದು 78,000, ನಾನು ಕೊಟ್ಟಿದ್ದು ಅದರ ನಾಲ್ಕು ಪಟ್ಟಿಗೂ ಹೆಚ್ಚು. ರಾಷ್ಟ್ರೀಯ ಹೆದ್ದಾರಿಗೆ ಜಮೀನು ತೆಗೆದುಕೊಳ್ಳುವುದಾದರೆ ರಾಜಪತ್ರದಲ್ಲಿ ಅಧಿಸೂಚನೆ ಬರುತ್ತದೆ, ಅದರ ಸಾರಾಂಶ ಎರಡು ಪತ್ರಿಕೆಗಳಲ್ಲಿ, ಒಂದರಲ್ಲಿ ಸ್ಥಳೀಯ ಭಾಷೆಯಲ್ಲಿ, ಪ್ರಕಟವಾಗುತ್ತದೆ, ಆಕ್ಷೇಪಣೆಗೆ 21 ದಿನ ಇರುತ್ತದೆ. ಅದನ್ನು ತೋರಿಸಿ ಎನ್ನಿ. ಪಹಣಿಯಲ್ಲಿ ಯಾರ ಹೆಸರಿದೆ ನೋಡಿ, ಆ ಹೆಸರಿನವರನ್ನು ಹೊಲದಲ್ಲೇ ಭೇಟಿಯಾಗಿ. ವಿನಯದಿಂದ ಮಾತನಾಡುವ ಹುಡುಗರನ್ನು ನಂಬಬೇಡಿ, ಇದು ನನ್ನ ಸಿಟ್ಟಿನ ಮಾತು ಎಂದುಕೊಂಡರೂ ಸರಿ.

ರೇರಾಕ್ಕೆ ದೂರು ಸಿದ್ಧವಾಗಿದೆ, ಪೊಲೀಸ್ ಠಾಣೆಯಲ್ಲೂ ಅರ್ಜಿ ಕೊಟ್ಟಿದ್ದೇನೆ. ಭಾವಮೈದುನನಿಗೆ ಅವನ 51,000 ರೂಪಾಯಿಯನ್ನು ನಾನೇ ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಮೊನ್ನೆ ಹುಮನಾಬಾದಿನ ಸಂಬಂಧಿಕರೊಬ್ಬರು ಮೊಬೈಲಿಗೆ ಒಂದು ಚಿತ್ರ ಕಳಿಸಿ “ಇದು ಹೇಗೆ, ನೋಡಿ ಹೇಳಿ” ಎಂದು ಕೇಳಿದರು. ಅದೇ ಹೋಟೆಲಿನ ಚಿತ್ರ, ಅದೇ ಜಾರುಬಂಡೆ, ಅದೇ ಕಾರಂಜಿ. ಊರಿನ ಹೆಸರು ಮಾತ್ರ ಬೇರೆ, ಕೆಂಪು ರಸ್ತೆ ಈಗ ಬೀದರ್ ಕಡೆಗೆ ತಿರುಗಿದೆ. ಬರುವ ಭಾನುವಾರ ಅಲ್ಲಿ ಸಭೆಯಂತೆ. ನಿಮ್ಮ ಬಳಿ ಇಂಥ ಪುಸ್ತಿಕೆ ಇದ್ದರೆ ಎಸೆಯಬೇಡಿ, ಸಭೆಯ ತಾರೀಖು ಮತ್ತು ಸರ್ವೆ ನಂಬರನ್ನು ಅದರ ಮೇಲೆಯೇ ಬರೆದಿಟ್ಟುಕೊಳ್ಳಿ. ನಮ್ಮ ದೂರಿಗೆ ಈಗ ಎರಡು ನಕ್ಷೆಗಳಿವೆ, ಮೂರನೆಯದು ಬೇಕಾಗಿದೆ.